ತಿಮ್ಮಕ್ಕನ ಮನೆಗಳು

ಕಾಯ್ಕಿಣಿಯ ಊರೊಳಗೆ, ರೈಲು ಹಳಿಯ ಆಚೆ, ಗದ್ದೆ ಬಯಲಿನ ಅಂಚಿಗೆ ಚದುರಿಕೊಂಡ ಒಂದಿಷ್ಟು ಮನೆಗಳಿಗೆ ಕಡಲಬದಿಯ ಕೇರಿಯಲ್ಲಿ ತಿಮ್ಮಕ್ಕನ ಮನೆಗಳು ಎಂದೇ ಹೆಸರು. ಅವುಗಳಲ್ಲಿ ಒಂದು ಮನೆಯೂ ತಿಮ್ಮಕ್ಕನದಲ್ಲ. ಮದುವೆಯಾಗಿ ಬಂದ ಕಾಲದಿಂದ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಕೊಟ್ಟ ಮನೆಗಳು ಅವು. ಒಬ್ಬಳ ಮನೆಗಳಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸಬಾರದು ಎಂಬುದು ಕೇರಿಯ ಹೆಂಗಸರು ಪಾಲಿಸಿಕೊಂಡು ಬಂದ ಕಟ್ಟು. ಅತ್ತೆಗೆ ಕೈಲಾಗದಾಗ ಆ ಮನೆಗಳು ಸೊಸೆಗೆ ಬರುತ್ತವೆ. ಸೊಸೆಗೂ ಆಗದಿದ್ದರೆ ಅವಳು ಯಾರಿಗೆ ಬಾಯಿಬಿಟ್ಟು 'ನೀನು ಮಾಡಿಕೊ' ಎನ್ನುತ್ತಾಳೋ ಅವರಿಗೆ. ಒಮ್ಮೆ ಹಾಗೆಂದ ಮೇಲೆ ತಿರುಗಿ ಕೇಳುವ ಪದ್ಧತಿ ಇಲ್ಲ.

ತಿಮ್ಮಕ್ಕನ ಮರೆವು ಮೊದಲು ಕಂಡದ್ದೂ ಆ ಮನೆಗಳಲ್ಲೇ. ಒಂದು ಬೆಳಿಗ್ಗೆ ಅವಳು ಒಂದು ಮನೆಗೆ ಮೀನು ಕೊಟ್ಟು, ಮುಂದಿನ ತಿರುವಿನ ತನಕ ನಡೆದು, ಮತ್ತೆ ಅದೇ ಮನೆಯ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದ್ದಳು. ಆ ಮನೆಯವರು ನಕ್ಕು ಕಳಿಸಿದರು. ಆಮೇಲೊಂದು ದಿನ ದಾರಿ ತಪ್ಪಿ ಹಳಿಯ ಗುಂಟ ಮುರ್ಡೇಶ್ವರದ ಸ್ಟೇಶನ್ನಿನವರೆಗೆ ಹೋದಾಗ ಮಾತ್ರ ಯಾರೂ ನಗಲಿಲ್ಲ. ಬುಟ್ಟಿ ಸೊಸೆ ಗಣಪಿಯ ತಲೆಗೆ ಬಂತು. ಈಗ ತಿಮ್ಮಕ್ಕ ಜಗುಲಿಯಲ್ಲಿ ಕಾಲು ನೀಡಿಕೊಂಡು ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ 'ಉಂಡ್ಯಾ?' ಎಂದು ಕೇಳುತ್ತಾಳೆ. ಉತ್ತರ ಕೇಳಿ ಸಂತೋಷಪಟ್ಟು, ಅವರು ವಾಪಸು ಬರುವಾಗ ಮತ್ತೆ ಕೇಳುತ್ತಾಳೆ. ಹೊತ್ತು, ವಾರ, ತಿಂಗಳು ಅವಳಿಗೆ ತಿಳಿಯದು. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ನಾಲಿಗೆಗೆ ತಾಗುವ ಮೊದಲೇ ಗೊತ್ತಾಗುತ್ತದೆ.

ಗಣಪಿ ಆ ಮನೆಗಳನ್ನು ಅತ್ತೆಗಿಂತ ಚೆನ್ನಾಗಿ ನಡೆಸಿದಳು. ಯಾವ ಮನೆಯಲ್ಲಿ ತಾರಲೆ ಮೀನು ಮುಟ್ಟುವುದಿಲ್ಲ, ಯಾರ ಮನೆಯಲ್ಲಿ ಸೋಮವಾರ ಒಲೆಗೆ ಮೀನು ಏರುವುದಿಲ್ಲ, ಯಾವ ಮನೆಗೆ ಅಳಿಯ ಬಂದಿದ್ದಾನೆ, ಎಲ್ಲಿ ಬಾಣಂತಿ ಇದ್ದಾಳೆ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ನಡೆಯುವಳು. ಬಾಗಿಲಲ್ಲಿ ನಿಂತು 'ಇವತ್ತು ತಿಂತ್ರಾ?' ಎಂದು ಕೇಳುವವಳು ಹೊಸಬಳು ಎಂಬುದು ಅವಳ ಅಭಿಪ್ರಾಯ. ಅವಳು ಯಾರನ್ನೂ ಕೇಳಿದವಳಲ್ಲ. ನೇರ ಅಂಗಳಕ್ಕೆ ಹೋಗಿ, ಆ ಮನೆಗೆ ಬೇಕಾದ ಮೀನನ್ನೇ ಮೇಲೆ ಇಟ್ಟು ಬುಟ್ಟಿ ಮುಚ್ಚಿದ ಎಲೆ ಸರಿಸುತ್ತಿದ್ದಳು.

ಕಳೆದ ವರ್ಷ ಅವಳ ಎದೆಯಲ್ಲಿ ಗಂಟು ಕಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ, ಕಿಮೋ ಆಗಿ, ಕಡೆಗೆ ಕೇರಿಯವರು 'ಕರೆಂಟು ಕೊಡುದು' ಎನ್ನುವ ಚಿಕಿತ್ಸೆಯೂ ಆಯಿತು. ಬೋಟಿಗೆ ಹೋಗುವ ಗಂಡ ಸೋಮ ಆ ತಿಂಗಳುಗಳೆಲ್ಲ ಮೀನು ಹಿಡಿಯುವುದನ್ನು ಬಿಟ್ಟು ಅವಳ ಜೊತೆ ಬಸ್ಸಿನಲ್ಲೇ ಕಳೆದ. ಗಂಟು ಹೋಯಿತು, ರಿಪೋರ್ಟು ಚೆನ್ನಾಗಿ ಬಂತು, ಹೋದ ಕೂದಲು ಕೂಡ ಗುಂಗುರಾಗಿ ಹುಟ್ಟಿತು. 'ನಮಗೆ ಹೇಳದೇ ಪಾರ್ಲರಿಗೆ ಹೋಗಿ ಬಂದ್ಯಾ' ಎಂದು ಪಕ್ಕದ ಮನೆಯ ಸಣ್ಣಿ ಹಂಗಿಸಿದಳು. ಆದರೆ ತಲೆಯ ಮೇಲಿನದು ಬಂದ ಹಾಗೆ ತಲೆಯ ಒಳಗಿನದು ಬರಲಿಲ್ಲ. ಸಾರಿಗೆ ಹುಳಿ ಹಾಕಿದೆನೋ ಇಲ್ಲವೋ ಎಂದು ಪಾತ್ರೆಯ ಮುಂದೆ ನಿಲ್ಲುವಳು. ಬಚ್ಚಲಿಗೆ ಹೋಗಿ ಯಾಕೆ ಬಂದೆ ಎಂದು ತಿಳಿಯದೆ ಒಂದು ಚೊಂಬು ನೀರು ಕಾಲಿಗೆ ಹೊಯ್ದುಕೊಂಡು ವಾಪಸಾಗುವಳು. ಸವತೆಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಹೆಸರು ಹುಡುಕುವಳು. ಈ ಎಲ್ಲ ಕಾಲದಲ್ಲಿ ತಿಮ್ಮಕ್ಕನ ಮನೆಗಳಿಗೆ ಮೀನು ಕೊಡುತ್ತಿದ್ದವಳು ಸಣ್ಣಿ. ಗಣಪಿ ಏಳುವವರೆಗೆ ಎಂಬ ಮಾತಿನ ಮೇಲೆ.

ಧಾರೇಶ್ವರದ ವಿನುತಾ ಸ್ಕೂಟರಿನಲ್ಲಿ ಆ ಕೇರಿಗೆ ಬಂದದ್ದು ಮಳೆ ಬಿಟ್ಟ ಮೇಲೆ. ಅವಳೂ ಮೀನುಗಾರರ ಮನೆಯವಳೇ. ಓದಿ, ಮರೆವಿನ ಬಗ್ಗೆ ಸಂಶೋಧನೆ ಮಾಡುವ ಒಂದು ತಂಡದಲ್ಲಿ ಕೆಲಸಕ್ಕೆ ಸೇರಿದ್ದಳು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕು ಅವಳ ಪಾಲಿಗೆ ಬಂದಿದ್ದವು. ವಯಸ್ಸಾದವರ ಮರೆವು ಒಂದು ಬಗೆ, ಕ್ಯಾನ್ಸರಿನ ಮದ್ದು ತೆಗೆದುಕೊಂಡವರ ಮರೆವು ಇನ್ನೊಂದು ಬಗೆ, ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡುವುದು ತಮ್ಮ ಕೆಲಸ ಎಂದು ವಿವರಿಸಿದಳು. ಒಂದೇ ಮನೆಯಲ್ಲಿ ಎರಡೂ ಸಿಕ್ಕಿದ್ದು ಅವಳಿಗೆ ಇದೇ ಮೊದಲು.

ಗಣಪಿ ಒಪ್ಪಿದ್ದು ಸುಮ್ಮನೆ ಅಲ್ಲ. ಸೋಮನೂ ಸಣ್ಣಿಯೂ ಅವಳನ್ನು ಇನ್ನೂ ಸ್ವಲ್ಪ ದಿನ ಕೂರು ಎನ್ನುತ್ತಿದ್ದರು. ಓದಿದವಳ ಬಾಯಿಂದ 'ಗಣಪಿಯ ತಲೆ ಸರಿ ಇದೆ' ಎಂದು ಬಂದರೆ ಮರುದಿನವೇ ಬುಟ್ಟಿ ಎತ್ತಬಹುದು. ಬರದಿದ್ದರೆ ಏನೆಂಬುದನ್ನು ಅವಳು ಯೋಚಿಸಲು ಹೋಗಲಿಲ್ಲ. ಜಗುಲಿಯ ಆ ತುದಿಯಲ್ಲಿ ಅತ್ತೆ ಕೂತಿದ್ದಳು. ಯೋಚಿಸಬೇಕಾದದ್ದೆಲ್ಲ ಅಲ್ಲೇ ಕಣ್ಣಿಗೆ ಕಾಣುತ್ತಿತ್ತು.

ಪರೀಕ್ಷೆಯ ಹೊತ್ತಿಗೆ ಬೇರೆಯವರು ಇಲ್ಲಿ ಇರಬಾರದು ಎಂದು ವಿನುತಾ ಹೇಳಿದಾಗ ಸಣ್ಣಿ, ಕೇರಿಯ ಮಾಸ್ತಿ ಎಂಬವಳು ಮತ್ತಿತರ ಹೆಂಗಸರು ಧಾರಾಳವಾಗಿ ಎದ್ದು ಹೋದರು. ಹೋದದ್ದು ಎದುರಿನ ಅಂಗಳದ ತೆಂಗಿನಮರದ ಬುಡಕ್ಕೆ, ಮಾತು ಕೇಳುವಷ್ಟು ದೂರಕ್ಕೆ. ವಿನುತಾಳ ಬೆನ್ನು ಅವರ ಕಡೆಗೆ, ಗಣಪಿಯ ಮುಖ ಅವರ ಕಡೆಗೆ. ವಿನುತಾ ಐದು ಶಬ್ದ ಹೇಳಿದಳು: ಮೂಗು, ಕಂಬಳಿ, ಬದನೆಕಾಯಿ, ದೀಪ, ಹಳದಿ. ನೆನಪಿಡಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ ಎಂದು ಬೇರೆ ಲೆಕ್ಕ, ಬೇರೆ ಚಿತ್ರಗಳಿಗೆ ಹೋದಳು. ಮತ್ತೆ ಆ ಐದಕ್ಕೆ ಬಂದಾಗ ಗಣಪಿಯ ತಲೆ ಒರೆಸಿದ ಹಲಗೆಯಾಗಿತ್ತು.

ಆ ಕೇರಿಯಲ್ಲಿ ಒಬ್ಬರು ತಡವರಿಸುವಾಗ ಇನ್ನೊಬ್ಬರು ಸುಮ್ಮನಿರುವುದೆಂದರೆ ಸೊಕ್ಕು. ಹರಾಜಿನಲ್ಲಿ, ಮದುವೆಯ ಹಾಡಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲೇ ಆದರೂ ಬಾಯಿ ತಡೆದವರಿಗೆ ಮಾತು ಎತ್ತಿಕೊಡುವುದು ಹೊರೆ ಎತ್ತಿಕೊಟ್ಟ ಹಾಗೆ. ಮಾಸ್ತಿ ಮರದ ಬುಡದಲ್ಲಿ ಮೂಗು ತಿಕ್ಕಿಕೊಂಡಳು. ಗಣಪಿ 'ಮೂಗು' ಎಂದಳು. ಸಣ್ಣಿ ಸೆರಗನ್ನು ಭುಜದ ಸುತ್ತ ಎಳೆದುಕೊಂಡು ನಡುಗಿದಳು. 'ಕಂಬಳಿ' ಬಂತು. ಇನ್ನೊಬ್ಬಳು ಬೇಲಿಯ ಬದಿಯ ಬದನೆ ಗಿಡವನ್ನೇ ಹಿಡಿದು ಅಲ್ಲಾಡಿಸಿದಳು. ಸಣ್ಣಿಗೆ ಗಣಪಿ ಸೋತರೆ ಮನೆಗಳು ತನಗೇ ಬರುತ್ತವೆ ಎಂಬುದು ಗೊತ್ತಿಲ್ಲದ್ದೇನಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ಕೈ ಆಡಿಸಿ, ಆರತಿ ಎತ್ತಿ ದೀಪ, ಕೆನ್ನೆಗೆ ಅರಿಶಿನ ಹಚ್ಚುವ ಹಾಗೆ ಮಾಡಿ ಹಳದಿ ತೋರಿಸಿದವಳು ಅವಳೇ.

ತಿಮ್ಮಕ್ಕ ಒಬ್ಬಳೇ ಇದನ್ನೆಲ್ಲ ನೋಡುತ್ತ ಕೂತಿದ್ದವಳು, ಕಡೆಗೆ ಕನಿಕರದಿಂದ ಕೇಳಿದಳು.

"ಮಾಸ್ತಿ, ಮೂಗಿಗೆ ಎಂತ ಆತೇ? ಆಗಿಂದ ತಿಕ್ತೆ ಇದ್ದೆ."

ವಿನುತಾ ತಿರುಗಿ ನೋಡುವಷ್ಟರಲ್ಲಿ ಹೆಂಗಸರೆಲ್ಲ ತೆಂಗಿನ ಗರಿ ಹೆಣೆಯುತ್ತಿದ್ದರು.

ಗಣಪಿಗೆ ಪೂರ್ತಿ ಅಂಕ ಬಂತು. ಕೆಲವು ದಿನ ಬಿಟ್ಟು ವಿನುತಾ ಫೋನಿನಲ್ಲಿ, ನಿಮ್ಮ ನೆನಪಿನ ಶಕ್ತಿಗೆ ಏನೂ ಕೊರತೆ ಕಾಣಲಿಲ್ಲ ಎಂದಳು. ಗಣಪಿ ಆ ಮಾತನ್ನು ಕೇರಿಗೆಲ್ಲ ಹೇಳಿದಳು. ಎತ್ತಿಕೊಟ್ಟವರಿಗೂ ಹೇಳಿದಳು, ಅವರೂ ಖುಷಿಪಟ್ಟರು. ಮೂಗೊಂದನ್ನು ಮಾಸ್ತಿ ತೋರಿಸಿದ್ದು ಹೌದು, ಉಳಿದದ್ದು ತನಗೇ ಬರುತ್ತಿತ್ತು ಎಂದು ಅವಳು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದಳು. ಸಣ್ಣಿ ಬುಟ್ಟಿಯನ್ನೂ ತಲೆಗೆ ಇಡುವ ಸಿಂಬೆಯನ್ನೂ ತೊಳೆದು ತಂದುಕೊಟ್ಟಳು. ಕೊಡುವಾಗ ಯಾರ ಮನೆಯಲ್ಲಿ ಏನು ವಿಶೇಷ ಎಂದು ಹೇಳುತ್ತ ಹೋದಳು. ಅದರಲ್ಲಿ ಜಗದೀಶನ ಮನೆಯ ವಿಷಯವೂ ಇತ್ತು.

ಜಗದೀಶ ಹೆದ್ದಾರಿಯ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಅವನ ಬಾಯಿ ಎಂದರೆ ಅಂಗಡಿಯ ಹುಡುಗರಿಂದ ಲಾರಿಯ ಡ್ರೈವರುಗಳವರೆಗೆ ಎಲ್ಲರಿಗೂ ಹೆದರಿಕೆ. ಆ ವರ್ಷ ಅವನು ಶಬರಿಮಲೆಗೆ ಮಾಲೆ ಹಾಕಿದ್ದ. ಮಾಲೆ ಹಾಕಿದವರ ಮನೆಯಲ್ಲಿ ವ್ರತ ಮುಗಿಯುವವರೆಗೆ ಮೀನಿಲ್ಲ. ಮೀನಿನ ವಾಸನೆಯೂ ಅಂಗಳ ದಾಟಬಾರದು.

ಗಣಪಿ ಬುಟ್ಟಿ ಹೊತ್ತ ಮೊದಲ ಬೆಳಿಗ್ಗೆ ಬಿಸಿಲು ಹದವಾಗಿತ್ತು. ಎಲ್ಲರ ಮನೆಯಲ್ಲೂ ಬಾ ಕೂರು ಎಂದರು, ಗುಂಗುರು ಕೂದಲು ನೋಡಿದರು, ಒಂದೆರಡು ಮನೆಯಲ್ಲಿ ಚಾ ಕೊಟ್ಟರು. ಅವಳ ಹೆಜ್ಜೆಗೆ ಹಳೆಯ ಬೀಸು ಬಂದಿತ್ತು. ಆ ಬೀಸಿನಲ್ಲೇ ಅವಳು ಜಗದೀಶನ ಅಂಗಳ ಹೊಕ್ಕಳು. ತಂತಿಯ ಮೇಲೆ ಕಪ್ಪು ಪಂಚೆಗಳು ಒಣಗುತ್ತಿದ್ದವು. ಕಂಡವು, ಆದರೆ ಅವಳಿಗೆ ಏನನ್ನೂ ನೆನಪಿಸಲಿಲ್ಲ. ತುಳಸಿಕಟ್ಟೆಯ ಪಕ್ಕದಲ್ಲೇ ಬುಟ್ಟಿ ಇಳಿಸಿ, ಎಲೆ ಸರಿಸಿ, ಆ ಮನೆಯವರಿಗೆ ಇಷ್ಟವಾದ ಇಸ್ವಾಣ ಮೀನು ಬಂದಿದೆ ಎಂದು ಜಗದೀಶನ ಹೆಂಡತಿ ಜಯಂತಿಯನ್ನು ಕೂಗಿದಳು.

ಒಳಗಿನ ಭಜನೆ ನಿಂತಿತು. ಜಗದೀಶ ಬಾಗಿಲಿಗೆ ಬಂದ. ಕಪ್ಪು ಪಂಚೆ, ಬರಿ ಮೈ, ಹಣೆ ತುಂಬ ಗಂಧ. ಅವನ ಹಿಂದೆ ಅದೇ ವೇಷದ ಇನ್ನೂ ಕೆಲವರು. ಗಣಪಿಯ ಕೈ ಎಲೆಯ ಮೇಲೆಯೇ ನಿಂತಿತು. ಅಷ್ಟರಲ್ಲಿ, ಎಷ್ಟೋ ದಿನದಿಂದ ಮೊಸರನ್ನ ತಿಂದು ಬಡವಾಗಿದ್ದ ಮನೆಯ ಬೆಕ್ಕು ಎಲ್ಲಿಂದಲೋ ಹಾರಿ, ಬುಟ್ಟಿಯಿಂದ ಒಂದು ಬಂಗಡೆ ಕಚ್ಚಿಕೊಂಡು, ಸ್ವಾಮಿಗಳ ಕಾಲಿನ ಸಂದಿಯಲ್ಲಿ ನುಗ್ಗಿ, ನೇರ ಒಳಗೆ ದೀಪ ಹಚ್ಚಿಟ್ಟ ಕೋಣೆಗೇ ಹೋಯಿತು.

ಜಗದೀಶನ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿತು. ವ್ರತದಲ್ಲಿ ಇರುವವನು ಸಿಟ್ಟು ಮಾಡಬಾರದು, ಕೆಟ್ಟ ಮಾತು ಆಡಬಾರದು, ಎದುರಿಗೆ ಬಂದವರನ್ನೆಲ್ಲ ಸ್ವಾಮಿ ಎಂದೇ ಕರೆಯಬೇಕು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಸ್ವಾಮೀ," ಎಂದ ಬೆಕ್ಕಿಗೆ. "ಬಿಡು ಸ್ವಾಮಿ. ಹೊರಗೆ ಬಾ ಸ್ವಾಮಿ."

ಸ್ವಾಮಿಗಳೆಲ್ಲ ಸೇರಿ ಬೆಕ್ಕನ್ನು ಅಟ್ಟುವ ಗದ್ದಲದಲ್ಲಿ ಜಯಂತಿ ಓಡಿಬಂದು ಗಣಪಿಯ ಬುಟ್ಟಿಯನ್ನು ತಾನೇ ಎತ್ತಿ ತಲೆಗೆ ಇಟ್ಟು ಗೇಟಿನವರೆಗೆ ದೂಡಿಕೊಂಡು ಬಂದಳು. ಅವಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಗಣಪಿಗೆ ನಗು ಬರಲಿಲ್ಲ. ಉಳಿದ ಮನೆಗಳಿಗೆ ಹೋಗದೆ ಹಾಗೇ ಕೇರಿಗೆ ನಡೆದಳು.

ಆ ಸಂಜೆ ಅವಳು ಬುಟ್ಟಿಯನ್ನು ಸಣ್ಣಿಯ ಜಗುಲಿಯಲ್ಲಿ ಇಟ್ಟಳು. ಅತ್ತೆಗೂ ಹೀಗೇ ಅಂಗಳದಲ್ಲೇ ಶುರುವಾದದ್ದು ಎಂದಳು. ಹೇಳಿದ ಮಾತು ಒಂದು ರಾತ್ರಿ ನಿಲ್ಲದ ತಲೆ ಇಟ್ಟುಕೊಂಡು ತಾನು ಮನೆಗಳನ್ನು ನಡೆಸುವುದಿಲ್ಲ, ಇವತ್ತು ಜಗದೀಶನ ಅಂಗಳ, ನಾಳೆ ರೈಲು ಹಳಿ. ಇನ್ನೇನು ಬಾಯಿಂದ 'ನೀನು ಮಾಡಿಕೊ' ಎಂಬ ಮಾತು ಬರಬೇಕು, ಸಣ್ಣಿ ಅಡ್ಡ ಬಂದಳು.

"ತಡಿ ಮಾರಾಯ್ತಿ. ಆ ಮಾತು ಈಗ ಆಡ್ಬೇಡ, ನಾ ಕೇಳುದೂ ಇಲ್ಲ. ಆ ಸ್ಕೂಟರ್ ಹುಡ್ಗಿ ಪಾಸು ಅಂದದೆ ಅಲ್ದಾ?"

"ಪಾಸಾದ್ದು ನಾನಾ, ನೀವಾ?" ಎಂದಳು ಗಣಪಿ.

ಸಣ್ಣಿ ಬುಟ್ಟಿಯನ್ನು ಒಳಗೆ ತೆಗೆದುಕೊಂಡಳು, ಸಿಂಬೆಯನ್ನು ಮಾತ್ರ ಗಣಪಿಯ ಕೈಗೆ ವಾಪಸು ಕೊಟ್ಟಳು. ಸಂಕ್ರಾಂತಿಯವರೆಗೆ ನೋಡೋಣ ಎಂದಳು.

ಮರುದಿನ ಗಣಪಿ ವಿನುತಾಳಿಗೆ ಫೋನು ಮಾಡಿದಳು. ಮೂಗು ಮಾಸ್ತಿಯದು, ಕಂಬಳಿ ಸಣ್ಣಿಯದು, ಬದನೆಕಾಯಿ ಬೇಲಿಯದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ನಗು ಕೇಳಿತು. ತಮ್ಮ ಧಾರೇಶ್ವರದಲ್ಲೂ ಹೀಗೇ, ತಾನು ಶಾಲೆಯಲ್ಲಿ ಮಗ್ಗಿ ಹೇಳುವಾಗ ಕಿಟಕಿಯ ಹೊರಗಿನಿಂದ ಅಮ್ಮ ಬೆರಳು ಮಡಚಿ ತೋರಿಸುತ್ತಿದ್ದಳು, ಇದು ತನಗೆ ಗೊತ್ತಿರಬೇಕಿತ್ತು ಎಂದಳು ವಿನುತಾ. ಹಳೆಯ ಅಂಕ ತೆಗೆದುಹಾಕಿ ಹೊಸದಾಗಿ ನೋಡೋಣ ಎಂದು ಅದೇ ವಾರ ಬಂದಳು.

ಈ ಸಲ ಅವಳು ಜಾಗವನ್ನು ತಾನೇ ಹುಡುಕಿದಳು. ಮರಳಿನ ಮೇಲೆ ಎಳೆದು ಇಟ್ಟಿದ್ದ ಸೋಮನ ಹಳೆಯ ದೋಣಿ. ಅದರೊಳಗೆ ಇಬ್ಬರೂ ಎದುರುಬದುರು ಕೂತರು. ಸುತ್ತ ಬಯಲು, ಯಾರು ಬಂದರೂ ಕಾಣುತ್ತದೆ. ಸಣ್ಣಿ ಮತ್ತು ಮಾಸ್ತಿ ದೂರದಲ್ಲಿ ಬೆನ್ನು ತಿರುಗಿಸಿ ಕೂತುಕೊಂಡು ತಮ್ಮ ಪ್ರಾಮಾಣಿಕತೆ ತೋರಿಸುತ್ತಿದ್ದರು. ತಿಮ್ಮಕ್ಕನನ್ನು ಒಬ್ಬಳೇ ಬಿಡುವ ಹಾಗಿಲ್ಲವಾದ್ದರಿಂದ ಅವಳೂ ದೋಣಿಯ ಇನ್ನೊಂದು ತುದಿಯಲ್ಲಿ ಕೂತು, ದೋಣಿ ಯಾವಾಗ ಹೊರಡುತ್ತದೆ ಎಂದು ಕಾಯುತ್ತಿದ್ದಳು.

ವಿನುತಾ ಹೊಸ ಶಬ್ದಗಳನ್ನು ಅತ್ತೆ ಸೊಸೆ ಇಬ್ಬರಿಗೂ ಒಟ್ಟಿಗೇ ಹೇಳಿದಳು: ಮೊಣಕಾಲು, ಹಾಗಲಕಾಯಿ, ಕೊಡೆ, ಹಸಿರು, ಗಂಟೆ. ಬೇರೆ ಬೇರೆ ಕೆಲಸ ಮಾಡಿಸಿ ಮತ್ತೆ ಕೇಳಿದಳು. ಗಣಪಿ ಕೊಡೆ ಎಂದಳು. ತುಂಬ ಹೊತ್ತಿನ ಮೇಲೆ ಮೊಣಕಾಲು ಎಂದಳು. ಅಷ್ಟೇ. ತೆರೆ ಬಂದು ಹೋಗುವುದನ್ನು ನೋಡುತ್ತ ಕೂತಳು. ಅವಳ ಕಣ್ಣು ಅತ್ತೆಯ ಕಡೆ ಹೋಗಿ ಬಂತು.

"ಆತು, ನೋಡ್ಕೊ ತಂಗಿ," ಎಂದಳು. "ಇಷ್ಟೇ ನಾನು."

"ಮುಗೀಲಿಲ್ಲ ಅಕ್ಕಾ," ಎಂದಳು ವಿನುತಾ. "ಇವತ್ತು ಎತ್ತಿಕೊಡುದು ನಾನು. ಒಂದು ತರಕಾರಿ ಇತ್ತು."

"ಹಾಗಲಕಾಯಿ." ಗಣಪಿಯ ಬಾಯಿಂದ ಅದು ತಾನಾಗಿ ಬಿತ್ತು.

"ಒಂದು ಬಣ್ಣ."

"ಹಸಿರು."

"ದೇವಸ್ಥಾನದಲ್ಲಿ ಇರ್ತದೆ."

"ಗಂಟೆ ಅಲ್ದಾ. ಗಂಟೆಯೇ."

ವಿನುತಾ ತಿಮ್ಮಕ್ಕನ ಕಡೆ ತಿರುಗಿದಳು. ಅಜ್ಜಿ, ನಾನು ಆಗ ಕೆಲವು ಶಬ್ದ ಹೇಳಿದೆನಲ್ಲ, ಅದರಲ್ಲಿ ಒಂದು ತರಕಾರಿ ಇತ್ತು ಎಂದಳು. ತಿಮ್ಮಕ್ಕ ಅವಳನ್ನು ಪ್ರೀತಿಯಿಂದ ನೋಡಿದಳು.

"ನೀನು ಎಂತ ಹೇಳಿದ್ಯೆ? ಈಗ ಬಂದದ್ದಲ್ದಾ ನೀನು. ತರಕಾರಿ ಅಂದ್ರೆ ಬಸಳೆ ಮಾಡು, ಸೀಗಡಿ ಹಾಕಿ. ಉಂಡ್ಯಾ?"

ವಿನುತಾ ಉಂಡೆ ಎಂದಳು. ಆಮೇಲೆ ಪುಸ್ತಕ ಮುಚ್ಚಿ, ನಿಧಾನವಾಗಿ ವಿವರಿಸಿದಳು. ಅಜ್ಜಿಗೆ ಈಗ ಹೇಳಿದ್ದು ಒಳಗೆ ಹೋಗಿ ಕೂರುವುದೇ ಇಲ್ಲ. ಅದಕ್ಕೇ ಎಷ್ಟು ಎತ್ತಿಕೊಟ್ಟರೂ ಸಿಗುವುದಿಲ್ಲ. ಗಣಪಕ್ಕನದು ಒಳಗೆ ಹೋಗಿದೆ, ಇದೆ, ಬೇಕಾದಾಗ ಕೈಗೆ ಸಿಗುತ್ತಿಲ್ಲ. ಯಾರಾದರೂ ಒಂದು ಎಳೆ ತೋರಿಸಿದರೆ ಬರುತ್ತದೆ. ಕಿಮೋ ತೆಗೆದುಕೊಂಡ ಎಷ್ಟೋ ಜನರಲ್ಲಿ ಹೀಗೆ ಆಗುತ್ತದೆ. ಹೆಚ್ಚಿನವರಿಗೆ ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಕೊಳ್ಳುತ್ತದೆ. ಇದೊಂದು ಪರೀಕ್ಷೆಯಿಂದಲೇ ಎಲ್ಲ ಹೇಳಲು ಬರುವುದಿಲ್ಲ, ತಂಡದ ಡಾಕ್ಟರು ಮುಂದಿನ ತಿಂಗಳು ಹೊನ್ನಾವರಕ್ಕೆ ಬಂದಾಗ ರಕ್ತವನ್ನೂ ನೋಡಿ ಹೇಳುತ್ತಾರೆ.

ಗಣಪಿ ಇಷ್ಟೆಲ್ಲ ಕೇಳಿ, ತನಗೆ ಬೇಕಾದ ಒಂದೇ ಮಾತು ಕೇಳಿದಳು. ಅದನ್ನು ಅತ್ತೆಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ ಕೇಳಿದಳು.

"ಅತ್ತೆ ಹಾಂಗೆ ಆಗ್ತೆನಾ ನಾನು?"

"ನಾನು ಕಂಡ ಮಟ್ಟಿಗೆ ಇದು ಅದಲ್ಲ ಅಕ್ಕಾ. ಬುಟ್ಟಿ ಬಿಡ್ಬೇಡಿ. ಬರದ ಮಾತಿನ ಹಿಂದೆ ಓಡುದು ಬೇಡ, ಸ್ವಲ್ಪ ನಿಲ್ಲಿ, ಅದೇ ಬರ್ತದೆ. ಬರದಿದ್ರೆ ಕೇಳಿ. ಕೇಳುದ್ರಲ್ಲಿ ಎಂತ ಅದೆ?"

ದೂರದಲ್ಲಿ ಬೆನ್ನು ಹಾಕಿ ಕೂತಿದ್ದ ಸಣ್ಣಿ, ಎಷ್ಟು ಬಂತು ಎಂದು ತಿರುಗದೆಯೇ ಕೂಗಿ ಕೇಳಿದಳು.

ಕೇಳುವುದರಲ್ಲಿ ಎಂತದು ಇದೆ ಎಂಬುದು ವಿನುತಾಳಿಗೆ ತಿಳಿಯುವ ವಿಷಯವಲ್ಲ. ಮೀನು ಹೊತ್ತವಳಿಗೇ ಗೊತ್ತು. ಗಣಪಿ ಹೊನ್ನಾವರಕ್ಕೆ ಹೋಗಿ ಡಾಕ್ಟರರನ್ನು ಕಂಡು ಬಂದಳು. ಅವರೂ ವಿನುತಾಳ ಮಾತನ್ನೇ ಹೇಳಿ, ರಕ್ತ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟರು, ನಿದ್ದೆ ಸರಿಯಾಗಿ ಮಾಡಲು ಹೇಳಿದರು. ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತು ಬಂದವಳು, ಮರುದಿನ ಬೆಳಿಗ್ಗೆ ಸಣ್ಣಿಯ ಬಾಗಿಲಲ್ಲಿ ನಿಂತು ಬುಟ್ಟಿ ಕೇಳಿದಳು.

ಮೊದಲ ಮನೆಯ ಗೇಟಿನ ಹೊರಗೆ ಅವಳು ಬಹಳ ಹೊತ್ತು ನಿಂತಳು. ಒಳಗೆ ಹೋಗುವುದು ಸುಲಭವಿತ್ತು. ಕಡೆಗೆ, ಇಷ್ಟು ವರ್ಷ ಬೇರೆಯವರು ಕೇಳಿದಾಗ ತಾನು ಮೂಗು ಮುರಿದ ಮಾತನ್ನೇ ಕೂಗಿ ಕೇಳಿದಳು.

"ಇವತ್ತು ತಿಂತ್ರಾ?"

ಒಳಗಿನಿಂದ ಬಂದ ಹೆಂಗಸಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ತಿನ್ನುತ್ತೇವೆ, ಆದರೆ ಬಂಗಡೆ ಬೇಡ, ಮಗನಿಗೆ ಮೈ ತುರಿಸುತ್ತದೆ ಎಂದಳು. ಬಂಗಡೆ ಬೇಡವಾದದ್ದು ಗಣಪಿಗೆ ಹೊಸ ಸುದ್ದಿ. ಮುಂದಿನ ಮನೆಯವರು ಇವತ್ತು ಸಂಕಷ್ಟಿ ಎಂದರು, ಆದರೂ ಗೇಟಿಗೆ ಬಂದು ಅರ್ಧ ತಾಸು ಮಾತಾಡಿ ಕಳಿಸಿದರು. ಇನ್ನೊಂದು ಮನೆಯ ಮುದುಕಿ, ನೀನು ಇದುವರೆಗೆ ಕೇಳಿದವಳೇ ಅಲ್ಲ, ನೀನು ಕೊಟ್ಟದ್ದನ್ನೇ ತಿಂದುಕೊಂಡು ಬಂದೆವು, ನನಗೆ ನೋಗಲಿ ಮೀನು ಎಂದರೆ ಮೊದಲಿಂದಲೂ ಆಗುವುದಿಲ್ಲ ಎಂದಳು. ಗಣಪಿ ಬೆಪ್ಪಾಗಿ, ಹಾಗಾದರೆ ಇಷ್ಟು ವರ್ಷ ಯಾಕೆ ತೆಗೆದುಕೊಂಡಿರಿ ಎಂದಳು. ನೀನು ಅಷ್ಟು ಖಚಿತವಾಗಿ ಎಲೆ ಸರಿಸುತ್ತಿದ್ದೆಯಲ್ಲ ಎಂದಳು ಮುದುಕಿ.

ಜಗದೀಶನ ಮನೆಯ ಎದುರು ಹಾದುಹೋಗುವಾಗ ಸಣ್ಣಿ ಹೇಳಿದ ಮಾತು ನೆನಪಿದ್ದರೂ ಇಲ್ಲದಿದ್ದರೂ ಬೆಕ್ಕು ನೆನಪಿಸುತ್ತಿತ್ತು. ಅದು ದಿನವೂ ಕಂಪೌಂಡಿನ ಮೇಲೆ ಕೂತು ಬುಟ್ಟಿಯನ್ನೇ ನೋಡುತ್ತಿತ್ತು. ಅವಳು ರಸ್ತೆಯ ಆ ಬದಿಯಿಂದ ತಲೆ ತಗ್ಗಿಸಿ ಹೋಗುವಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ, ಬಂದರಿನಲ್ಲಿ ಒಳ್ಳೆಯ ಇಸ್ವಾಣ ಕಂಡಾಗ ಗಣಪಿಯ ಕೈ ತಾನಾಗಿ ಅದನ್ನು ಆರಿಸಿತು. ಯಾರಿಗೆ ಎಂದು ಸಣ್ಣಿ ಕೇಳಿದಳು. ಗಣಪಿಗೆ ಹೇಳಲು ಬರಲಿಲ್ಲ. ಯಾರಿಗೋ ಬೇಕು ಎಂದಳು. ಅದನ್ನು ಎಲೆಯ ಕೆಳಗೆ ಬದಿಗೆ ಇಟ್ಟುಕೊಂಡು ಮನೆಯಿಂದ ಮನೆಗೆ ನಡೆದಳು. ಯಾರಾದರೂ ಕೇಳಿದರೆ ಅದು ಮಾರಿದ್ದು ಎಂದು ಬಿಡುತ್ತಿದ್ದಳು. ಹಾಗೇ ಜಗದೀಶನ ಮನೆಯ ಹತ್ತಿರ ಬಂದಾಗ ಏನೋ ಬೇರೆಯಾಗಿ ಕಂಡಿತು. ಏನೆಂದು ತಿಳಿಯಲಿಲ್ಲ. ಅವಳು ರಸ್ತೆಯ ಆ ಬದಿಯಲ್ಲೇ ನಿಂತಳು. ಓಡಲು ಹೋಗಲಿಲ್ಲ, ಸುಮ್ಮನೆ ನಿಂತಳು. ಬೆಕ್ಕು ಕಂಪೌಂಡಿನ ಮೇಲೆ ಇರಲಿಲ್ಲ. ಗೇಟಿನ ಹೊರಗೇ ಬಂದು, ಬಾಲ ನೆಟ್ಟಗೆ ಮಾಡಿಕೊಂಡು ಅವಳನ್ನೇ ಕಾಯುತ್ತಿತ್ತು. ಬೆಕ್ಕನ್ನು ನೋಡಿದಳು, ಬೆಕ್ಕಿನ ಹಿಂದೆ ತಂತಿಯನ್ನು ನೋಡಿದಳು. ತಂತಿಯ ಮೇಲೆ ಕಪ್ಪು ಪಂಚೆ ಇರಲಿಲ್ಲ, ಬಿಳಿಯದು ಇತ್ತು.

ಮಲೆಗೆ ಹೋದವರು ಬಂದಿದ್ದಾರೆ. ಮಾಲೆ ತೆಗೆದಾಗಿದೆ. ಇಸ್ವಾಣ ಈ ಮನೆಯದು.

ಅವಳು ಗೇಟಿನವರೆಗೆ ಹೋದಳು. ಆದರೂ ಒಳಗೆ ಕಾಲಿಡದೆ, ಹೊರಗಿನಿಂದಲೇ, ಇವತ್ತು ತಿಂತ್ರಾ ಎಂದು ಕೇಳಿದಳು. ಜಗದೀಶನೇ ಹೊರಗೆ ಬಂದ. ಬಿಳಿ ಲುಂಗಿ ಉಟ್ಟು, ಗಡ್ಡ ಬೋಳಿಸಿ, ಬರಿ ಕುತ್ತಿಗೆಯಲ್ಲಿ ಇದ್ದ ಅವನು ವ್ರತದ ದಿನಗಳಲ್ಲಿ ಆಡದೇ ಉಳಿಸಿಕೊಂಡ ಬೈಗಳನ್ನೆಲ್ಲ ಒಂದೇ ಉಸಿರಿಗೆ ಬೈದ. ತುಳಸಿಕಟ್ಟೆಗೆ ಮೀನು ತಂದವಳೇ ಎಂದ, ಬೆಕ್ಕಿಗೆ ಬುದ್ಧಿ ಕಲಿಸಿದವಳೇ ಎಂದ, ಗುರುಸ್ವಾಮಿಯ ಎದುರು ತನ್ನ ಮಾನ ತೆಗೆದವಳೇ ಎಂದ. ಬೈಯುತ್ತ ಬೈಯುತ್ತ ಗೇಟು ತೆರೆದು, ಬುಟ್ಟಿ ಇಳಿಸಲು ತಾನೇ ಕೈ ಕೊಟ್ಟ. ಎಲೆಯ ಕೆಳಗೆ ಇಸ್ವಾಣ ಕಂಡಾಗ ಮಾತು ನಿಂತಿತು.

"ನಾ ಮಲೆಯಿಂದ ಬಂದೆ ಅಂತ ಯಾರು ಹೇಳಿದ್ರು ನಿಂಗೆ?"

"ಸ್ವಾಮಿ ಹೇಳಿದ್ರು," ಎಂದು ಗಣಪಿ ಬೆಕ್ಕನ್ನು ತೋರಿಸಿದಳು.

ಜಯಂತಿ ಒಳಗಿನಿಂದ ತಟ್ಟೆ ಹಿಡಿದು ಬಂದವಳು ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ. ಜೋರಾಗಿಯೇ ನಕ್ಕಳು. ಆವತ್ತಿನಿಂದ ಬೆಕ್ಕಿಗೆ ಮನೆಯಲ್ಲಿ ಅದೇ ಹೆಸರು ಬಿದ್ದಿದೆ, ಇವರಿಗೂ ಈಗ ಹಾಗೇ ಕರೆದು ರೂಢಿಯಾಗಿದೆ ಎಂದಳು. ಸ್ವಾಮಿಗೆ ಇಸ್ವಾಣದ ತಲೆ ಸಿಕ್ಕಿತು.

ಸಂಜೆ ಗಣಪಿ ಜಗುಲಿಯ ಮೆಟ್ಟಿಲಲ್ಲಿ ಕೂತು ಮನೆಗೆ ಉಳಿದ ತಾರಲೆ ಹೆರೆಯುತ್ತಿದ್ದಳು. ತಿಮ್ಮಕ್ಕ ಎಂದಿನ ಜಾಗದಲ್ಲಿ ಕಾಲು ನೀಡಿ ಕೂತಿದ್ದಳು. ಬೇಲಿಯ ಆಚೆ ಸಣ್ಣಿ ತನ್ನ ಬುಟ್ಟಿ ತೊಳೆಯುತ್ತಿದ್ದಳು. ಈಗೀಗ ದಿನಾ ಈ ಹೊತ್ತಿಗೆ ಗಣಪಿ ಅತ್ತೆಗೆ ಒಂದು ಕತೆ ಹೇಳುವುದಿತ್ತು.

"ಅತ್ತೆ, ಜಗದೀಶನ ಮನೆ ಬೆಕ್ಕಿನ ಕತೆ ಹೇಳಿದ್ನಾ?"

"ಇಲ್ಲಲೇ. ಯಾವ ಬೆಕ್ಕು?"

ಗಣಪಿ ಮೊದಲಿನಿಂದ ಹೇಳಿದಳು. ಕಪ್ಪು ಪಂಚೆ, ತುಳಸಿಕಟ್ಟೆ, ಬಾಗಿಲಿಗೆ ಬಂದ ಜಗದೀಶ. ತಿಮ್ಮಕ್ಕನ ಕಣ್ಣು ದೊಡ್ಡದಾಗುತ್ತ ಹೋಯಿತು. ನಗು ಗಂಟಲಿನಲ್ಲಿ ತಯಾರಾಗಿ ನಿಂತಿತ್ತು. ಇವತ್ತು ಕತೆಗೆ ಹೊಸ ತುದಿ ಬೇರೆ ಸೇರಿದೆ, ಅದನ್ನೂ ಹೇಳಬೇಕು.

"ಆಗ ಬೆಕ್ಕು ಹಾರಿ ಬಂತು ನೋಡಿ ಅತ್ತೆ, ಬುಟ್ಟಿಯಿಂದ ಒಂದು..."

ಮೀನಿನ ಹೆಸರು ಬರಲಿಲ್ಲ. ಬೇಲಿಯ ಆಚೆ ಸಣ್ಣಿ ಬುಟ್ಟಿ ಕೆಳಗಿಟ್ಟು ಬಾಯಿ ತೆರೆದಳು. ಗಣಪಿ ಚಿಪ್ಪು ಮೆತ್ತಿದ ಕೈಯನ್ನು ಅವಳ ಕಡೆಗೆ ಎತ್ತಿ ಹಿಡಿದಳು.

"ತಡಿ ಸಣ್ಣಿ. ಬರ್ತದೆ."

ಸಣ್ಣಿ ಕಷ್ಟಪಟ್ಟು ಸುಮ್ಮನಾದಳು. ತಿಮ್ಮಕ್ಕನೂ ಕಾದಳು. ತೆರೆಯೊಂದು ಬಂದು ಮರಳಿನ ಮೇಲೆ ಹರಡಿ ವಾಪಸು ಹೋಯಿತು.

"ಬಂಗಡೆ," ಎಂದಳು ಗಣಪಿ.